ಮೊದಲು ಹಳಿ, ಆಮೇಲೆ ಎಂಜಿನ್

ನಾವಿರುವ ಅಡಾಜಣ್ ತಾಪಿ ನದಿಯ ಯಾವ ದಡದಲ್ಲಿದೆಯೋ ಅದೇ ದಡದಲ್ಲಿ ಉತ್ರಾಣ್ ಕೂಡ ಇದೆ. 1860ರಲ್ಲಿ ಬಿಬಿಸಿಐ ಕಂಪನಿಯ ಮೊದಲ ರೈಲು ಮಾರ್ಗ ಅಂಕಲೇಶ್ವರದಿಂದ ಅಲ್ಲಿಗೆ ಬಂತು. 1861ರಲ್ಲಿ ಬ್ರಾಡ್‌ಗೇಜ್ ಬರೋಡಾ ಮುಟ್ಟಿತು. ನನಗೆ ಅದಕ್ಕಿಂತ ಇಷ್ಟವಾದ ಕಥೆ ಆ ಮುಖ್ಯ ಮಾರ್ಗದ ಮಿಯಾಗಾಮ್‌ನಿಂದ ಡಭೋಯಿಗೆ ಕವಲೊಡೆದ ಪುಟ್ಟ ರೈಲಿನದು.

ಬರೋಡಾದ ಮಹಾರಾಜ ಖಂಡೇರಾವ್ ಗಾಯಕವಾಡರು 1862ರಲ್ಲಿ ಹಾಕಿಸಿದ ಈ ಮಾರ್ಗದ ಹಳಿಗಳ ನಡುವಿನ ಅಗಲ ಎರಡೂವರೆ ಅಡಿ, ಅಂದರೆ 762 ಮಿ.ಮೀ. ದೇಶದ ಮೊದಲ ನ್ಯಾರೋಗೇಜ್ ಇದು. ಸಂಸ್ಥಾನವೊಂದು ಸ್ವಂತವಾಗಿ ಹೊಂದಿದ್ದ ಮೊದಲ ರೈಲೂ ಹೌದು. ಆದರೆ ಗಾಡಿ ಎಳೆಯುತ್ತಿದ್ದದ್ದು ಎತ್ತುಗಳು! 1863ರಲ್ಲಿ ಗ್ಲಾಸ್ಗೋದ ನೀಲ್ಸನ್ ಕಂಪನಿಯ ಎಂಜಿನ್‌ಗಳು ಬಂದವು. ಹಳಿಗಳು ಅವುಗಳ ಭಾರ ತಾಳುವಷ್ಟು ಗಟ್ಟಿಯಿರಲಿಲ್ಲ. ಗಟ್ಟಿ ಹಳಿ ಹಾಕಿದ್ದು 1873ರಲ್ಲಿ. ಖಂಡೇರಾವ್ 1870ರಲ್ಲೇ ತೀರಿಕೊಂಡಿದ್ದರು. ಸರ್ವರ್ ಬಂದು ಕೂತಿದೆ, ಕೇಬಲ್ ಬಂದಿಲ್ಲ ಎನ್ನುವ ಮೀಟಿಂಗ್‌ಗಳಲ್ಲಿ ನನಗೆ ಆ ಎತ್ತುಗಳು ನೆನಪಾಗುತ್ತವೆ.

ಈ ಮಾರ್ಗದ ಮಾದರಿಯನ್ನು ಎರಡು ವರ್ಷದಿಂದ ಮನೆಯಲ್ಲಿ ಕಟ್ಟುತ್ತಿದ್ದೇನೆ, ಭಾನುವಾರ ಮಾತ್ರ. ನಮ್ಮ ಬ್ರಾಡ್‌ಗೇಜನ್ನು 87ನೇ ಒಂದು ಪಾಲಿಗೆ ಇಳಿಸಿದರೆ 19 ಮಿ.ಮೀ. ದಾಟುತ್ತದೆ, ಆ ಅಳತೆಗೆ ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ., ಹೊರದೇಶದ ರೈಲಿಗೆ ಹೊಲಿದ ಅಂಗಿ. ಡಭೋಯಿಯ 762 ಮಾತ್ರ 8.76ಕ್ಕೆ ಇಳಿಯುತ್ತದೆ. 9 ಮಿ.ಮೀ. ಹಳಿ ಸುಲಭವಾಗಿ ಸಿಗುತ್ತದೆ. ಇದಕ್ಕಿಂತ ಹತ್ತಿರದ ಹೊಂದಿಕೆ ಬೇಕೆ?

ಇನ್ನೊಂದು ಲಾಭವಿದೆ. ಬೌರಿಂಗ್‌ಪೇಟೆ ಎನ್ನುತ್ತಿದ್ದ ನಮ್ಮ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಶುರುವಾದ ರೈಲಿನದೂ ಇದೇ 762. ಅದೇ ವರ್ಷ ಸೂರತ್ತಿನ ದಕ್ಷಿಣಕ್ಕೆ, ಬರೋಡಾ ಸಂಸ್ಥಾನದ ಬಿಲಿಮೋರಾದಿಂದ ವಘಾಯಿಗೂ ಇದೇ ಅಗಲದ ಹಳಿ ಬಿತ್ತು. ಹೀಗಾಗಿ ಹಲಗೆಯ ಒಂದು ತುದಿಗೆ ಡಭೋಯಿ, ಇನ್ನೊಂದಕ್ಕೆ ಕೋಲಾರ. ಭೂಪಟ ಒಪ್ಪದಿದ್ದರೂ ಚಕ್ರ ಒಪ್ಪುತ್ತದೆ. ಇಂದು ಕೋಲಾರಕ್ಕೂ ಬ್ರಾಡ್‌ಗೇಜ್ ಬಂದಿದೆ. ಡಭೋಯಿ ಮೂಲಕ ಕೇವಡಿಯಾಕ್ಕೆ ಹೋಗುವ ಬ್ರಾಡ್‌ಗೇಜ್ 2021ರಲ್ಲಿ ಉದ್ಘಾಟನೆಯಾಯಿತು. ಬಿಲಿಮೋರಾ–ವಘಾಯಿ ನ್ಯಾರೋಗೇಜ್ ಆಗಿಯೇ ಉಳಿದಿದೆ. ಇಲ್ಲಿರುವವರು ಒಮ್ಮೆ ಹತ್ತಿ ಬನ್ನಿ, ಡಾಂಗ್‌ನ ಕಾಡಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ವೈರಿಂಗ್‌ನಲ್ಲೂ ಡಭೋಯಿಯದೇ ಲೆಕ್ಕ. ಮಾದರಿ ರೈಲಿನ ಎರಡು ಹಳಿಗಳೇ ಎರಡು ತಂತಿ. ಒಂದರಿಂದ ಕರೆಂಟ್ ಮೋಟಾರಿಗೆ ಹೋಗಿ ಇನ್ನೊಂದರಿಂದ ಮರಳುತ್ತದೆ. ಹಳಿಯ ತುಂಡುಗಳನ್ನು ಜೋಡಿಸುವ ಸಣ್ಣ ತಗಡುಗಳನ್ನೇ ನಂಬಿದರೆ ಪ್ರತಿ ಜೋಡಣೆಯಲ್ಲೂ ಒಂದಿಷ್ಟು ವೋಲ್ಟೇಜ್ ಸೋರುತ್ತದೆ, ದೂರ ಹೋದಂತೆ ಎಂಜಿನ್ ಏದುಸಿರು ಬಿಡುತ್ತದೆ. ಅದಕ್ಕೇ ಹಲಗೆಯ ಕೆಳಗೆ ಎರಡು ದಪ್ಪ ವೈರು ಉದ್ದಕ್ಕೂ ಎಳೆದು, ಅವುಗಳಿಂದ ಪ್ರತಿ ತುಂಡು ಹಳಿಗೂ ಸಣ್ಣ ವೈರಿನ ಜೋಡಿ ಸಾಲ್ಡರ್ ಮಾಡುತ್ತಿದ್ದೇನೆ. ಒಂದು ಜೋಡಿ ಮುಗಿದರೆ ಮಲ್ಟಿಮೀಟರ್ ಇಟ್ಟು ನೋಡಿ, ಚಹಾ ಕುಡಿದು, ಮುಂದಿನದು. ಈ ಕೆಲಸಕ್ಕೆ ಡೆಡ್‌ಲೈನ್ ಹಾಕಿಲ್ಲ, ಹಾಕುವುದೂ ಇಲ್ಲ.

ಡಭೋಯಿ ಕಡೆಯದು ಮುಗಿದಿದೆ. ಕೋಲಾರದ ಕಡೆ ಇನ್ನೂ ಆರು ಜೋಡಿ ಬಾಕಿ. ಎಂಜಿನ್ ಡಬ್ಬಿಯಲ್ಲೇ ಇದೆ. ಸದ್ಯಕ್ಕೆ ಹಳಿಯ ಮೇಲೆ ಮಗಳು ಮಾಡಿಟ್ಟ ಮಣ್ಣಿನ ಎತ್ತಿನ ಜೋಡಿ ನಿಂತಿದೆ.