ಬೂದಿಯ ಬಲ

ಬೂದಿಯೆಂದೊಡನೆ ನಮ್ಮವರಿಗೆ ಹಣೆಯ ವಿಭೂತಿಯು ನೆನಪಾಗುವದು. ಇಲ್ಲವೆ ಪಾತ್ರೆ ಬೆಳಗುವ ಒಲೆಯ ಬೂದಿಯು. ಕಟ್ಟಡಕ್ಕೆ ಗಟ್ಟಿತನವನ್ನು ಕೊಡುವ ಶಕ್ತಿಯೂ ಅದರಲ್ಲುಂಟೆಂದರೆ ಹಲವರು ನಕ್ಕಾರು. ಆದರೆ ಗಚ್ಚಿನ ಇತಿಹಾಸವನ್ನು ಶೋಧಿಸಿದವರಿಗೆ ಇದು ನಗೆಯ ಮಾತಲ್ಲವೆಂದು ತಿಳಿದುಬರುವದು.

ನಮ್ಮ ಸೀಮೆಯ ಹಳೆಯ ಗುಡಿಗಳಿಗೆ ಗಚ್ಚಿನ ಹಂಗಿರಲಿಲ್ಲ. ಗದುಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಲಕ್ಕುಂಡಿಯ ಬ್ರಹ್ಮಜಿನಾಲಯ ಇವುಗಳನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿಗೆ ಕಲ್ಲನ್ನು ಹೊಂದಿಸಿ, ಭಾರದ ಬಲದಿಂದಲೇ ನಿಲ್ಲಿಸಿದರು. ದೊಡ್ಡ ಗುಮ್ಮಟಗಳ ಕಾಲವು ಬಂದ ಮೇಲೆ ಗಚ್ಚಿಗೆ ಮಹತ್ವವುಂಟಾಯಿತು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಸಮಾಧಿಯಾದ ವಿಜಾಪುರದ ಗೋಳಗುಮ್ಮಟದ ಮೇಲಿನ ಗುಮ್ಮಟವು ಇಟ್ಟಿಗೆ-ಸುಣ್ಣಗಳಿಂದಲೇ ನಿಂತಿರುವದು.

ಬರಿಯ ಸುಣ್ಣವು ಗಾಳಿ ತಾಕಿ ಮೆಲ್ಲಗೆ ಬಿಗಿಯುವದು, ನೀರಿನೊಳಗೆ ಬಿಗಿಯದು. ಅದಕ್ಕೆ ಸುಟ್ಟ ಮಣ್ಣಿನ ಪುಡಿಯಾದ ಸುರಖಿಯನ್ನು ಬೆರೆಸಿ ಅರೆದರೆ ನೀರಿನಲ್ಲಿಯೂ ಕಲ್ಲಾಗುವದು. ರೋಮನರು ಪೊಜ್ಜುವೋಲಿಯ ಬಳಿಯ ಜ್ವಾಲಾಮುಖಿಯ ಬೂದಿಯಿಂದ ಇದೇ ಕಾರ್ಯವನ್ನು ಸಾಧಿಸಿದರು. ಮರಳಿನ ಮೂಲದ್ರವ್ಯವಾದ ಸಿಲಿಕಾ ಎಂಬುದು ಸುಣ್ಣದೊಡನೆ ಕೂಡಬಲ್ಲ ಸ್ಥಿತಿಯಲ್ಲಿ ಎರಡರಲ್ಲಿಯೂ ಇರುವದೇ ಇದರ ಗುಟ್ಟು. 1824ರಲ್ಲಿ ಇಂಗ್ಲಂಡದ ಜೋಸೆಫ ಆಸ್ಪ್‌ಡಿನನು ಪೋರ್ಟಲ್ಯಾಂಡ ಸಿಮೆಂಟಿಗೆ ಪೇಟೆಂಟು ಪಡೆದನು. ಆ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದರೂ, 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳನ್ನು ಸುರಖಿಯ ಗಚ್ಚಿನಿಂದಲೇ ಬೆಸೆದರು. ಸಿಮೆಂಟ ಎಲ್ಲೆಡೆ ಹಬ್ಬಿದ ಮೇಲೆ ಸುಣ್ಣದ ಭಟ್ಟಿಗಳು ಆರಿದವು. ಗಚ್ಚರೆಯುವ ಗಾಣದ ಕಲ್ಲುಗಳು ಮೂಲೆಗೆ ಬಿದ್ದವು. ಅವುಗಳೊಡನೆ ಒಂದು ವಿದ್ಯೆಯೂ ಮರೆಯಾಗುತ್ತ ಬಂದಿತು.

ಈ ಸಿಲಿಕಾ ಪೈರುಗಳಲ್ಲಿಯೂ ಉಂಟು. ಹುಲ್ಲಿನ ಜಾತಿಯ ಸಸ್ಯಗಳು ಅದನ್ನು ನೆಲದಿಂದ ಹೀರಿ ಮೈಯಲ್ಲಿ ತುಂಬಿಕೊಳ್ಳುವವು. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿದಿಬ್ಬವೇ ಇದಕ್ಕೆ ಸಾಕ್ಷಿ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿದ್ದರು. ಇಂಥವು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂದು ವಿದ್ವಾಂಸರು ನಿಶ್ಚಯಿಸಿರುವರು. ದನವು ಮೇದ ಹುಲ್ಲಿನ ಸಿಲಿಕಾ ಕಡುಬೆಂಕಿಯಲ್ಲಿ ಕರಗಿ ಅಲ್ಲಲ್ಲಿ ಗಾಜಿನಂಥ ಕಿಟ್ಟವಾಗಿರುವದು.

ಎಲ್ಲಕ್ಕೂ ಹೆಚ್ಚಾಗಿ ಇದು ಬತ್ತದ ಹೊಟ್ಟಿನಲ್ಲುಂಟು. ನೂರು ಸೇರು ಬತ್ತದಿಂದ ಸುಮಾರು 20 ಸೇರು ಹೊಟ್ಟು, ಅದನ್ನು ಸುಟ್ಟರೆ ಸುಮಾರು 4 ಸೇರು ಬೂದಿ. ಆ ಬೂದಿಯಲ್ಲಿ ಶೇಕಡಾ 85ರಿಂದ 95 ಪಾಲು ಸಿಲಿಕಾ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿದ್ಯಾಪೀಠದಲ್ಲಿದ್ದ ಭಾರತೀಯ ಸಂಜಾತ ಪ್ರಾಧ್ಯಾಪಕ ಪಿ. ಕೆ. ಮೆಹತಾ ಅವರು 1970ರ ದಶಕದಲ್ಲಿ ಇದನ್ನು ಸಿಮೆಂಟಿಗೆ ಒಗ್ಗಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಹುಟ್ಟುಹಾಕಿದ ‘ಆಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ ಮೊದಲಾದವರು ಈ ಬೂದಿಯನ್ನು ಸುಣ್ಣದೊಡನೆ ಬೆರೆಸಿ ಪರೀಕ್ಷಿಸಿದರು.

ಸಿಮೆಂಟ ನೀರು ಕುಡಿದಾಗ ಸ್ವಲ್ಪ ಸುಣ್ಣವು ಬಿಡುಗಡೆಯಾಗಿ ದುರ್ಬಲವಾಗಿ ಉಳಿಯುವದು. ಬೂದಿಯ ಸಿಲಿಕಾ ಅದನ್ನು ಹಿಡಿದು ಬೆಸುಗೆಯಾಗಿ ಮಾರ್ಪಡಿಸಿ ಸೂಕ್ಷ್ಮರಂಧ್ರಗಳನ್ನು ಮುಚ್ಚುವದು. ಸಿಮೆಂಟಿನ ಹತ್ತರಲ್ಲೊಂದು ಪಾಲಿನ ಬದಲು ಒಳ್ಳೆಯ ಬೂದಿಯನ್ನಿಟ್ಟರೆ ಕಾಂಕ್ರೀಟು ಕುಂದದೆ, ಹೆಚ್ಚು ಬಲಿಯುವದು. ಆದರೆ ಎಲ್ಲ ಬೂದಿಯೂ ಒಂದಲ್ಲ. ಸುಮಾರು 700 ಅಂಶ ಸೆಲ್ಸಿಯಸ್ ಮೀರಿ ಬಹುಕಾಲ ಸುಟ್ಟರೆ ಸಿಲಿಕಾ ಹರಳುಗಟ್ಟಿ ಜಡವಾಗುವದು. ಅರೆಬೆಂದರೆ ಇದ್ದಿಲು ಉಳಿದು ನೀರನ್ನು ಹೀರುವದು. ಹದವಾಗಿ ಸುಟ್ಟು ನುಣ್ಣಗೆ ಅರೆಯಲೇಬೇಕು.

ತುಂಗಭದ್ರೆಯ ನೀರುಂಡ ಗಂಗಾವತಿಯ ಬತ್ತದ ಗಿರಣಿಗಳು ಮುಂಡರಗಿಗೆ ದೂರವಲ್ಲ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿಯೂ ಈ ಗುಣವುಂಟು. ಮನೆ ಕಟ್ಟುವ ಬಡವನಿಗೆ ಸಿಮೆಂಟಿನ ಒಂದೊಂದು ಚೀಲವೂ ಭಾರವಾಗಿರುವಾಗ, ಹದಗೊಂಡ ಬೂದಿಯು ದಾರಿಯ ಬದಿಯಲ್ಲಿ ಹಾರಿಹೋಗುವದು ತರವಲ್ಲ. ಬೆಂಕಿಯ ಹದವನ್ನು ಬಲ್ಲ ಭಟ್ಟಿಯವರ ವಿದ್ಯೆಯೂ, ಅಳೆದು ನೋಡುವ ಹೊಸ ಶಾಸ್ತ್ರವೂ ಕೂಡಿದಲ್ಲಿ ಮಾತ್ರವೇ ಈ ಕಸವು ಕಲ್ಲಾಗುವದು.