ತಿಂಗಳ ರೊಕ್ಕ, ಗಂಟಿನ ರೊಕ್ಕ

ಧಾರವಾಡವನ್ನು ಪಿಂಚಣಿದಾರರ ಸ್ವರ್ಗ ಎನ್ನುವವರು ಅಲ್ಲಿಯ ಮಳೆ, ತಂಪು ಗಾಳಿ, ಮಾವಿನ ಮರಗಳನ್ನು ಕಾರಣವಾಗಿ ಹೇಳುತ್ತಾರೆ. ಹವೆಯೊಂದೇ ಸಾಕಾಗಿದ್ದರೆ ಮಲೆನಾಡಿನ ಅರ್ಧ ಊರುಗಳಿಗೂ ಆ ಬಿರುದು ಸಿಗಬೇಕಿತ್ತು. ಧಾರವಾಡದಲ್ಲಿ ಹವೆಗಿಂತ ಮೊದಲು ಬಂದದ್ದು ಸರ್ಕಾರಿ ಪಗಾರ. ಮುಂಬಯಿ ಪ್ರಾಂತ್ಯದ ದಿನಗಳ ಕಲೆಕ್ಟರ್ ಕಚೇರಿ, ಕೋರ್ಟು, ಶಿಕ್ಷಕರ ಟ್ರೇನಿಂಗ್ ಕಾಲೇಜು, 1917ರ ಕರ್ನಾಟಕ ಕಾಲೇಜು, ಸ್ವಾತಂತ್ರ್ಯದ ನಂತರ ಮುಂಬಯಿಯಿಂದ ಇಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, ಇವೆಲ್ಲ ಸೇರಿ ತಿಂಗಳಿಗೊಮ್ಮೆ ರೊಕ್ಕ ಎಣಿಸುವ ಒಂದು ವರ್ಗವನ್ನೇ ಬೆಳೆಸಿದವು. ಸರ್ಕಾರಿ ಕೆಲಸದಲ್ಲಿದ್ದವನಿಗೆ ನಿವೃತ್ತಿಯ ಮರುತಿಂಗಳಿಂದ ಪಗಾರದ ಸುಮಾರು ಅರ್ಧ ಬರುವುದು ಗೊತ್ತಿದ್ದ ಮಾತು. ಖರ್ಚನ್ನು ಅರ್ಧಕ್ಕೆ ಇಳಿಸಿದರೆ ಮುಗಿಯಿತು. ಮುಂಗಡಪತ್ರ ಎನ್ನುವಂಥ ದೊಡ್ಡ ವಿಚಾರ ಅಲ್ಲಿರಲಿಲ್ಲ. ಹಣ ಎಷ್ಟು ಬರುತ್ತದೆ ಎನ್ನುವುದಕ್ಕಿಂತ ಯಾವ ರೂಪದಲ್ಲಿ ಬರುತ್ತದೆ ಎನ್ನುವುದೇ ಮನೆಯ ಲೆಕ್ಕವನ್ನು ರೂಪಿಸುತ್ತದೆ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಇಪ್ಪತ್ತು ಕಿಲೋಮೀಟರ್ ಆಚೆಯ ಹುಬ್ಬಳ್ಳಿಯಲ್ಲೇ ಇದೆ.

ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಕಟ್ಟಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, 1944ರಲ್ಲಿ ಸರ್ಕಾರದ ಕೈಗೆ ಬಂತು. ಮಾಲೀಕರು ಬದಲಾದರೂ ಕಾರ್ಮಿಕನ ಮುಪ್ಪಿನ ಏರ್ಪಾಟು ಬಹುಕಾಲ ಬದಲಾಗಲಿಲ್ಲ. ಅವನ ಪಗಾರದಲ್ಲಿ ಮುರಿದುಕೊಂಡದ್ದಕ್ಕೆ ರೈಲ್ವೆ ತನ್ನ ಪಾಲು ಸೇರಿಸುತ್ತಿತ್ತು, ಕೊನೆಯ ದಿನ ಎಲ್ಲವನ್ನೂ ಒಂದೇ ಗಂಟಾಗಿ ಕೊಡುತ್ತಿತ್ತು. ಇದೇ ಪ್ರಾವಿಡೆಂಟ್ ಫಂಡು. ರೈಲ್ವೆ ನೌಕರರಿಗೆ ಪಿಂಚಣಿ ಬಂದದ್ದು 1957ರ ನವೆಂಬರ್‌ನಲ್ಲಿ. ಹತ್ತಿ ಗಿರಣಿಯ ಕಾರ್ಮಿಕರ ಪಾಡೂ ಹೆಚ್ಚುಕಡಿಮೆ ಇದೇ. 1952ರ ಭವಿಷ್ಯ ನಿಧಿ ಕಾಯ್ದೆ ಮೊದಲಿಗೆ ಅನ್ವಯಿಸಿದ ಆರು ಉದ್ಯಮಗಳಲ್ಲಿ ಜವಳಿಯೂ ಒಂದಾಗಿತ್ತು, ಆದರೆ ಅದು ಕೊಟ್ಟದ್ದೂ ಗಂಟನ್ನೇ. ಅದರಡಿ ನೌಕರರ ಪಿಂಚಣಿ ಯೋಜನೆ ಬರಲು 1995ರವರೆಗೆ ಕಾಯಬೇಕಾಯಿತು.

ಗಂಟು ಪಡೆಯುವ ಮನೆಯಲ್ಲಿ ಲೆಕ್ಕ ಹಿಂದುಮುಂದಾಗುತ್ತದೆ. ರೈಲ್ವೆ ಕ್ವಾರ್ಟರ್ಸ್‌ನಲ್ಲಿದ್ದವನು ನಿವೃತ್ತನಾದ ಮೇಲೆ ಅದನ್ನು ಖಾಲಿ ಮಾಡಲೇಬೇಕು. ಆದ್ದರಿಂದ ಅವನ ಪಟ್ಟಿಯಲ್ಲಿ ಅಕ್ಕಿ, ಜೋಳಕ್ಕಿಂತ ಮೊದಲು ಸೂರು ಬರುತ್ತಿತ್ತು. ಎರಡನೆಯದು ಮಗಳ ಮದುವೆ, ಮೂರನೆಯದು ಸಾಲ. ಇವು ಮೂರನ್ನೂ ಕಳೆದು ಉಳಿದದ್ದು ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆ ಕೊನೆಗೆ. ಜಾಣತನವಿದ್ದವರಿಗೆ ಕಾಣುತ್ತಿದ್ದ ಉಪಾಯ ಗಂಟನ್ನು ಮತ್ತೆ ತಿಂಗಳ ರೊಕ್ಕವಾಗಿ ಮಾಡುವುದು: ಮನೆ ಕಟ್ಟುವಾಗಲೇ ಬಾಡಿಗೆಗೆಂದು ಎರಡು ಖೋಲಿ ಹೆಚ್ಚು ಹಾಕಿಸುವುದು, ಇಲ್ಲವೆ ಬಡ್ಡಿಗೆ ಠೇವಣಿ ಇಡುವುದು. ಠೇವಣಿಗೆ ಅಂಚೆ ಕಚೇರಿಯ ಉಳಿತಾಯ ಖಾತೆ 1882ರಿಂದಲೇ ಇತ್ತು. ಸಹಕಾರ ಸಂಘದ ಅಭ್ಯಾಸವೂ ಈ ಸೀಮೆಗೆ ಹೊಸದಲ್ಲ, 1905ರ ಕಣಗಿನಹಾಳ ಸಂಘ ಹುಟ್ಟಿದ್ದು ಅಂದಿನ ಧಾರವಾಡ ಜಿಲ್ಲೆಯಲ್ಲೇ.

ಕೂಡು ಕುಟುಂಬವಿದ್ದ ಕಾಲದಲ್ಲಿ ಇಂಥ ಲೆಕ್ಕವೇ ಬೇಕಿರಲಿಲ್ಲ ಎಂದು ಕೆಲವರು ಹೇಳಬಹುದು. ಹೊಲಮನೆ ಇದ್ದ ಹಳ್ಳಿಯವರಿಗೆ ಅದು ನಿಜ. ರೈಲ್ವೆಗೆಂದು ತಮಿಳು, ತೆಲುಗು ಸೀಮೆಗಳಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದವರ ಕೂಡು ಕುಟುಂಬ ನೂರಾರು ಮೈಲಿ ದೂರವಿತ್ತು. ಕಷ್ಟಕ್ಕೆ ಅದು ಒದಗುವುದಕ್ಕಿಂತ ಪಾಲು ಕೇಳುವುದೇ ಹೆಚ್ಚಿತ್ತೇನೊ. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. ಗಂಟು ಅಷ್ಟು ಕಷ್ಟದ್ದಾದರೆ, 1957ರಲ್ಲಿ ಆಗಲೇ ಸೇವೆಯಲ್ಲಿದ್ದವರಿಗೆ ಆಯ್ಕೆ ಕೊಟ್ಟಾಗ ದೇಶದಾದ್ಯಂತ ಎಷ್ಟೋ ರೈಲ್ವೆ ನೌಕರರು ಫಂಡನ್ನೇ ಏಕೆ ಉಳಿಸಿಕೊಂಡರು? ಅದಕ್ಕೆ ಅಂದಿನ ಮಟ್ಟಿಗೆ ಕಾರಣವಿತ್ತು. ಹಳೆಯ ಪಿಂಚಣಿ ಬಹುಮಟ್ಟಿಗೆ ಗಂಡಸಿನ ಉಸಿರಿನ ಜೊತೆಗೇ ಮುಗಿಯುತ್ತಿತ್ತು, ಹೆಂಡತಿಯ ಜೀವಮಾನದುದ್ದಕ್ಕೂ ಬರುವ ಕುಟುಂಬ ಪಿಂಚಣಿಯ ನಿಯಮಗಳು ಕೇಂದ್ರದಲ್ಲೂ ನಮ್ಮ ರಾಜ್ಯದಲ್ಲೂ ಬಂದದ್ದು 1964ರಲ್ಲಿ. ಸ್ವರ್ಗದ ಮಾತಾಡುವವರು ಧಾರವಾಡದ ಆ ಕಾಲದ ವಿಧವೆಯರನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಗಂಟಾದರೋ ಮನೆಯಲ್ಲಿ ಉಳಿಯುತ್ತದೆ, ಹೆಂಡತಿಯ ಹೆಸರಿಗೆ ಹೋಗುತ್ತದೆ. ಆದರೆ ಬೆಲೆ ಏರಿದಂತೆ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತ ಹೋಯಿತು, ಗಂಟಿಗೆ ಯಾರೂ ಏನೂ ಸೇರಿಸಲಿಲ್ಲ. ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ನಕಾರಾ ಪ್ರಕರಣದಲ್ಲಿ ಹೇಳಿದ ಮೇಲೆ ಫಂಡಿನವರೂ ನ್ಯಾಯ ಕೇಳಿದರು. 1990ರಲ್ಲಿ ಕೃಷೇಣ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟ್, ಫಂಡ್ ಪಡೆದು ಹೋದವರು ಬೇರೆಯೇ ವರ್ಗ ಎಂದು ಹೇಳಿ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಕಾನೂನು ಏನೇ ಹೇಳಲಿ, ಆ ತೀರ್ಪು ನನಗೆ ಕಠಿಣವೆನಿಸುತ್ತದೆ.

ಇದೆಲ್ಲ ಹಳೆಯ ಕಥೆಯಾಗಿ ಉಳಿದಿಲ್ಲ. ಕೇಂದ್ರದಲ್ಲಿ 2004ರ ಜನವರಿಯಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ನೇಮಕವಾದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಬಂತು. ನಿವೃತ್ತಿಯ ದಿನ ಸಾಮಾನ್ಯವಾಗಿ ಶೇಕಡಾ 60ರವರೆಗೆ ಗಂಟು, ಉಳಿದದ್ದಕ್ಕೆ ವರ್ಷಾಶನ. ಆ ವರ್ಷಾಶನಕ್ಕೆ ತುಟ್ಟಿಭತ್ಯೆ ಇಲ್ಲ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ಸಂಸ್ಥೆಯ ನೌಕರರು ಸೇರುವ 1995ರ ಯೋಜನೆಯಲ್ಲಿ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಅಂದರೆ ಧಾರವಾಡದ ಸರ್ಕಾರಿ ಶಾಲೆಯ ಹೊಸ ಮಾಸ್ತರರೂ ಈಗ ಹಳೆಯ ವರ್ಕ್‌ಶಾಪಿನ ಫಿಟ್ಟರನ ಜಾಗದಲ್ಲಿ ನಿಂತಿದ್ದಾರೆ. ತಿಂಗಳ ಖರ್ಚನ್ನು ಅರ್ಧ ಮಾಡಿದರೆ ಸಾಕೆಂಬ ಸೂತ್ರ ಅವರಿಗೆ ಒಗ್ಗುವುದಿಲ್ಲ. ಸೂರು, ಸಾಲ, ಮದುವೆಗಳನ್ನು ಪಗಾರ ಬರುತ್ತಿರುವಾಗಲೇ ತೀರಿಸಿ, ಗಂಟನ್ನು ಇಡಿಯಾಗಿ ಬಡ್ಡಿಗೆ ಬಿಡುವುದೇ ಅವರ ಮುಂಗಡಪತ್ರ ಆಗಬೇಕು. 2006ರಲ್ಲಿ ಮೂವತ್ತರ ವಯಸ್ಸಿಗೆ ಕೆಲಸಕ್ಕೆ ಸೇರಿದವರಿಗೆ ಅರವತ್ತು ತುಂಬುವುದು 2036ರಲ್ಲಿ.