ಮನೆಮಾತು ಬಿಡಿಸಿದರೆ ಮಗುವಿಗೆ ಕನ್ನಡ ಬೇಗ ಬರುತ್ತದೆಯೇ?

ಇಲ್ಲ. ಈ ಸಲಹೆ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ.

ಕೊಡಗಿನ ತಿತಿಮತಿ ಸುತ್ತಲಿನ ಹಾಡಿಗಳ ಜೇನುಕುರುಬ, ಯರವ ಮಕ್ಕಳ ಮನೆಮಾತೇ ಬೇರೆ. ‘ಹಾಜರಿ’, ‘ಸಾಲಾಗಿ ನಿಲ್ಲಿ’, ‘ಪುಟ ತಿರುಗಿಸಿ’ ಅವರಿಗೆ ಹೊಸದಾಗಿರಬಹುದು. ಸುಮ್ಮನೆ ಕುಳಿತ ಮಗುವನ್ನು ದಡ್ಡ ಎಂದುಬಿಡುತ್ತೇವೆ. ಅದಕ್ಕೆ ತಿಳಿಯದಿರುವುದು ಪಾಠವಲ್ಲ, ಸೂಚನೆ!

ಎಣಿಕೆ ಏನೆಂದು ಮನೆಮಾತಿನಲ್ಲಿ ಗೊತ್ತಿರುವ ಮಗು ಕನ್ನಡದಲ್ಲಿ ಕಲಿಯಬೇಕಾದದ್ದು ಹೆಸರುಗಳನ್ನಷ್ಟೇ. ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಸರಳ: ಶಿಕ್ಷಕರು ‘ಬಾಗಿಲು ತೆರೆ’ ಎನ್ನುತ್ತಾ ತೆರೆದು ತೋರಿಸುತ್ತಾರೆ, ಮಕ್ಕಳು ಹಾಗೇ ಮಾಡುತ್ತಾರೆ. ಬಾಯಿಬಿಟ್ಟು ಹೇಳಲು ಅವಸರವಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವೆಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ಮನೆಯಲ್ಲಿ ಅಜ್ಜಿ ತನ್ನ ನುಡಿಯಲ್ಲೇ ಕಥೆ ಹೇಳಲಿ.